ಒಂದಂಗುಲದ ಅವರೋಹಣ

ಉನ್ನತಿಯನ್ನು ಬಯಸುವವರಿಗೆ ದಾರಿ ತೋರಿಸಲು ಲೋಕದಲ್ಲಿ ಗುರುಗಳಿಗೂ ಗ್ರಂಥಗಳಿಗೂ ಕೊರತೆಯಿಲ್ಲ. ಆದರೆ ಇದ್ದ ಎತ್ತರದಿಂದ ಒಂದೇ ಒಂದು ಅಂಗುಲ ಕೆಳಗಿಳಿಯಬೇಕೆಂದು ಹಂಬಲಿಸುವವನ ನೆರವಿಗೆ ಬರುವವರು ವಿರಳ. ಬಂದರೂ ಅವರು ಗ್ರೀಸು ಮೆತ್ತಿದ ಕೈಯವರಾಗಿರುತ್ತಾರೆಯೇ ಹೊರತು ಕಾಷಾಯ ತೊಟ್ಟವರಾಗಿರುವುದಿಲ್ಲ. ನನ್ನ ಹಂಬಲವು ಆಧ್ಯಾತ್ಮಿಕವಾದುದಲ್ಲವೆಂದು ಮೊದಲೇ ತಿಳಿಸಿಬಿಡುವುದು ಕ್ಷೇಮ. ಅದು 1975ರ ಎಂಜಿಬಿ ಎಂಬ, ಇಬ್ಬರೇ ಕೂರಬಹುದಾದ, ಬಟ್ಟೆಯ ಮಾಡನ್ನು ಮಡಚಿಡಬಹುದಾದ, ಕೆಂಪು ಬಣ್ಣದ ಕಾರಿಗೆ ಸಂಬಂಧಪಟ್ಟದ್ದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನಾನು, ಪರರನ್ನು ನಿದ್ದೆಗೆ ಕಳುಹಿಸುವ ಕಸುಬಿನಿಂದ ನಿವೃತ್ತನಾದ ಮೇಲೆ, ಮನೆಯವರ ನಿದ್ದೆ ಕೆಡಿಸುವ ಈ ಹವ್ಯಾಸವನ್ನು ಕೈಗೆತ್ತಿಕೊಂಡಿದ್ದೇನೆ.

ಆಕ್ಸ್‌ಫರ್ಡಿಗೆ ಸಮೀಪದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲಿರುವ ಅಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಿಂದ 1962ರಲ್ಲಿ ಎಂಜಿಬಿ ಮೊದಲು ಹೊರಬಂದಾಗ ಅದು ನೆಲಕ್ಕೆ ಆಪ್ತವಾಗಿ, ತೆಳ್ಳನೆಯ ಕ್ರೋಮ್ ಬಂಪರನ್ನು ಧರಿಸಿ, ನೋಡಿದವರ ಕಣ್ಣಿಗೆ ನಿಂತಲ್ಲೇ ಓಡುತ್ತಿರುವಂತೆ ತೋರುತ್ತಿದ್ದ ಸುಂದರಾಂಗಿ. ಈ ಕಾರುಗಳಲ್ಲಿ ಹೆಚ್ಚಿನವು ಹಡಗೇರಿ ಅಮೆರಿಕಕ್ಕೆ ಹೋಗುತ್ತಿದ್ದವು. ಆ ದೇಶದ ಸರ್ಕಾರವು ಎಪ್ಪತ್ತರ ದಶಕದಲ್ಲಿ, ಬಂಪರೆಂಬುದು ಇಂತಿಷ್ಟೇ ಎತ್ತರದಲ್ಲಿರಬೇಕು, ಗಂಟೆಗೆ 5 ಮೈಲಿ ವೇಗದಲ್ಲಿ ಡಿಕ್ಕಿ ಹೊಡೆದರೆ ದೀಪಗಳಿಗೂ ಬಾಗಿಲುಗಳಿಗೂ ಊನವಾಗಬಾರದು ಎಂದು ವಿಧಿಸಿದಾಗ, ಎಂಜಿ ಕಂಪನಿಯ ಯಜಮಾನನಾಗಿದ್ದ ಬ್ರಿಟಿಷ್ ಲೇಲ್ಯಾಂಡಿನ ಬಳಿ ಹೊಸ ಕಾರನ್ನು ರೂಪಿಸುವಷ್ಟು ಹಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆದಕಾರಣ 1974ರ ಶರತ್ಕಾಲದಲ್ಲಿ ಅವರು ಉಕ್ಕಿನ ತೊಲೆಗೆ ಕಪ್ಪು ಪಾಲಿಯುರೆಥೇನನ್ನು ಹೊದಿಸಿ ಮೂತಿಗೂ ಬಾಲಕ್ಕೂ ಬಿಗಿದು, ಆ ಮೂತಿಯು ಕಾನೂನಿನ ಎತ್ತರಕ್ಕೆ ಬರಲೆಂದು ಇಡೀ ಕಾರನ್ನೇ ಸುಮಾರು ಒಂದಂಗುಲ ಮೇಲೆತ್ತಿಬಿಟ್ಟರು. ಮಳೆಗಾಲದಲ್ಲಿ ಪಂಚೆ ಎತ್ತಿಕಟ್ಟಿ ಹೊಳೆ ದಾಟಲು ನಿಂತ ಗೃಹಸ್ಥನಂತೆ ಕಾಣುವ ಆ ಭಂಗಿಯಲ್ಲಿಯೇ ಅದು ಮುಂದಿನ ಆರು ವರ್ಷ ತಯಾರಾಯಿತು. ಇದು ಸಾಲದೆಂಬಂತೆ, ಎತ್ತರಿಸಿದ ಕಾರು ತಿರುವುಗಳಲ್ಲಿ ಹೆಚ್ಚು ವಾಲುವುದೆಂದು ಶಾಲೆಯ ಹುಡುಗನೂ ಹೇಳಬಲ್ಲವನಾಗಿದ್ದ ಕಾಲದಲ್ಲಿ, ವಾಲುವಿಕೆಯನ್ನು ತಡೆಯಲೆಂದೇ ಮುಂಭಾಗದಲ್ಲಿದ್ದ ಆಂಟಿ ರೋಲ್ ಬಾರನ್ನು, ಖರ್ಚುಳಿಯಲೆಂದು, ಮಾಡು ತೆರೆಯುವ ಕಾರುಗಳಿಂದ ತೆಗೆದೂಹಾಕಿದರು. 1977ರ ಮಾದರಿಗೆ ಹಿಂದೂ ಮುಂದೂ ಬಾರುಗಳನ್ನು ಅಳವಡಿಸಿ ಪ್ರಾಯಶ್ಚಿತ್ತ ಮಾಡಿಕೊಂಡರೆಂಬುದು ನಿಜ. ಆದರೆ ನನ್ನದು 1975ರದು.

ಇಲ್ಲಿನ ಹಳೆಯ ಕಾರುಗಳ ಮೇಳಗಳಲ್ಲಿ ವರ್ಣಾಶ್ರಮವೊಂದು ಇನ್ನೂ ಜೀವಂತವಾಗಿದೆ ಎಂಬುದನ್ನು ನಮ್ಮ ಸಮಾಜಶಾಸ್ತ್ರಜ್ಞರು ಗಮನಿಸಿದಂತಿಲ್ಲ. ಕ್ರೋಮ್ ಬಂಪರಿನವರು ಹುಲ್ಲುಹಾಸಿನ ಮುಂಭಾಗದಲ್ಲಿ ಮರದ ನೆರಳಿಗೆ ನಿಲ್ಲುತ್ತಾರೆ. ಆ ಕಪ್ಪು ಬಂಪರಿನವರು, ಅಂದರೆ ರೂಢಿಯ ಮಾತಿನಲ್ಲಿ ರಬ್ಬರ್ ಬಂಪರಿನವರು, ಯಾರೂ ಹೇಳದಿದ್ದರೂ, ಶೌಚಾಲಯದ ಪಕ್ಕಕ್ಕೆ ತಾವಾಗಿಯೇ ಸರಿಯುತ್ತಾರೆ. ಒಬ್ಬ ಮಹಾಶಯನು ನನ್ನ ಕಾರಿನ ಸುತ್ತ ಪ್ರದಕ್ಷಿಣೆ ಬಂದು, ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಿನ ಅವಕಾಶದೊಳಗೆ ತನ್ನ ಮುಷ್ಟಿಯನ್ನು ತೂರಿಸಿ, "ಇದರೊಳಗೆ ಗುಬ್ಬಚ್ಚಿ ಗೂಡು ಕಟ್ಟೀತು" ಎಂದು ಅತ್ಯಂತ ಸೌಜನ್ಯದಿಂದ ನುಡಿದನು. ಆಂಗ್ಲರ ಸೌಜನ್ಯದ ಪೆಟ್ಟನ್ನು ತಿಂದವರೇ ಬಲ್ಲರು. ಅಂದು ರಾತ್ರಿಯೇ ನಾನು ಗಿಡ್ಡ ಸ್ಪ್ರಿಂಗುಗಳಿಗೆ ಹಣ ಕಳುಹಿಸಿದೆ.

ಶಿವಮೊಗ್ಗೆಯಲ್ಲಿ ಎರಡು ಲಾರಿ ಇಟ್ಟುಕೊಂಡಿರುವ ನನ್ನ ಹೆಂಡತಿಯ ತಮ್ಮನಿಗೆ ಫೋನಿನಲ್ಲಿ ಈ ಸಂಕಲ್ಪವನ್ನು ತಿಳಿಸಿದಾಗ ಆ ಕಡೆ ಬಹಳ ಹೊತ್ತು ಸದ್ದೇ ಇಲ್ಲ. "ಭಾವ, ಇಲ್ಲಿ ನಾವೆಲ್ಲ ಗಾಡಿ ಕುಸೀತು ಅಂತ ಕಮಾನಿಗೆ ಇನ್ನೊಂದು ಪಟ್ಟಾ ಹಾಕಿಸಿ ಎತ್ತರ ಮಾಡಿಸ್ತೀವಿ. ನೀವು ದುಡ್ಡು ಕೊಟ್ಟು ಇಳಿಸ್ತೀರಾ? ನಾಲ್ಕು ಮೂಟೆ ಸಿಮೆಂಟು ಹೇರಿ, ತಾನೇ ಇಳಿಯುತ್ತೆ" ಎಂದ. ಆಗುಂಬೆಯ ತಿರುವುಗಳನ್ನು ನಿತ್ಯ ಕಂಡವನ ಈ ಮಾತಿನಲ್ಲಿ ಎಷ್ಟು ಭವಿಷ್ಯಜ್ಞಾನ ಅಡಗಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ವಿಮೆಯವರಿಗೂ ತಿಳಿಸಬೇಕಾದುದು ನಿಯಮ. ಅಲ್ಲಿನ ತರುಣಿಯು ಎಷ್ಟು ಇಳಿಸುತ್ತೀರಿ ಎಂದು ಕೇಳಿದಳು, ಒಂದಂಗುಲ ಎಂದೆ. ಏಕೆ ಎಂದಳು. ಆ ಪ್ರಶ್ನೆಗೆ ಉತ್ತರ ಬರೆಯಲು ಅವಳ ಕಂಪ್ಯೂಟರಿನಲ್ಲಿದ್ದ ಮನೆಗಳಲ್ಲಿ "ಸೌಂದರ್ಯ" ಎಂಬ ಮನೆಯಿಲ್ಲದೆ, ಕೊನೆಗೆ "ಇತರೆ" ಎಂದು ದಾಖಲಾಯಿತು.

ಕೆಲಸದ ವಿವರಗಳಿಂದ ಓದುಗರನ್ನು ದಣಿಸಲಾರೆ. ಮುಂದಿನ ಸ್ಪ್ರಿಂಗು ಸುರುಳಿಯಾದುದು. ಒತ್ತಿಹಿಡಿದ ಅದರ ಶಕ್ತಿಯು ಮೈಮರೆತವನ ಮೊಣಕಾಲನ್ನು ಮುರಿಯಬಲ್ಲದಾದ್ದರಿಂದ, ಕೆಳಗಿನ ತಟ್ಟೆಗೆ ಜಾಕಿ ಕೊಟ್ಟು, ಉದ್ದನೆಯ ಬೋಲ್ಟುಗಳನ್ನು ತೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸಡಿಲಿಸಬೇಕು. ಹಿಂದಿನದು ನಮ್ಮ ಲಾರಿಗಳಲ್ಲಿರುವಂತಹ ಪಟ್ಟಾ ಕಮಾನು. ಅದರ ಬೆನ್ನಿಗೂ ಮೇಲಿನ ಆಕ್ಸಲಿಗೂ ನಡುವೆ ಒಂದಂಗುಲ ದಪ್ಪದ ಲೋಹದ ತುಂಡನ್ನಿಟ್ಟು, ಮೊದಲಿಗಿಂತ ಉದ್ದವಾದ ಯು ಬೋಲ್ಟುಗಳಿಂದ ಬಿಗಿದರೆ ಮುಗಿಯಿತು. ಮುಗಿಯಿತು ಎಂಬ ಪದವು ಇಲ್ಲಿ ಎಷ್ಟು ಗಾಯಗಳನ್ನೂ ಎಷ್ಟು ಬೈಗುಳಗಳನ್ನೂ ಒಳಗೊಂಡಿದೆಯೆಂಬುದನ್ನು ಸಹೃದಯರು ಊಹಿಸಿಕೊಳ್ಳಬೇಕು.

ಆದರೆ ಅಳತೆಯ ವಿಷಯವನ್ನು ಮಾತ್ರ ಸಾವಕಾಶವಾಗಿ ಹೇಳದೆ ವಿಧಿಯಿಲ್ಲ. ಚಕ್ರದ ನಾಭಿಯಿಂದ ಮೇಲಿನ ಅಂಚಿನವರೆಗೆ ಟೇಪು ಹಿಡಿದು ಎತ್ತರವನ್ನು ಅಳೆಯಬೇಕು. ಅದೂ ಚಾಲಕನು ತನ್ನ ಆಸನದಲ್ಲಿ ಕುಳಿತಿರುವಾಗಲೇ ಅಳೆಯಬೇಕು. ಚಾಲಕನು ನಾನು, ಟೇಪು ಹಿಡಿದು ನೆಲದ ಮೇಲೆ ಅಂಗಾತ ಮಲಗಬೇಕಾದವನೂ ನಾನು. ಏಕಕಾಲದಲ್ಲಿ ಎರಡು ಕಡೆ ಕಾಣಿಸಿಕೊಳ್ಳುವ ವಿದ್ಯೆಯು ದ್ವಾಪರಯುಗದೊಂದಿಗೆ ಅಳಿದುಹೋದ ಕಾರಣ, ನನ್ನ ದೇಹದ ತೂಕಕ್ಕೆ ಸಮನಾದ ಪ್ರತಿಮೆಯೊಂದನ್ನು ಸೃಷ್ಟಿಸಿ ಚಾಲಕಾಸನದಲ್ಲಿ ಪ್ರತಿಷ್ಠಾಪಿಸುವುದೆಂದು ನಿಶ್ಚಯಿಸಿದೆ. ನನ್ನ ತೂಕ 78 ಕಿಲೋ. ಉಗ್ರಾಣವನ್ನು ಹೊಕ್ಕು ನೋಡಲಾಗಿ, ಇಪ್ಪತ್ತು ಕಿಲೋದ ಸೋನಾ ಮಸೂರಿ ಅಕ್ಕಿಯ ಮೂಟೆಗಳು ಎರಡು, ಹತ್ತು ಹತ್ತು ಕಿಲೋದ ತೊಗರಿಬೇಳೆ, ರಾಗಿಹಿಟ್ಟು, ಗೋಧಿಹಿಟ್ಟಿನ ಚೀಲಗಳು ಒಂದೊಂದು, ಐದು ಕಿಲೋ ಅವಲಕ್ಕಿ, ಮೂರು ಕಿಲೋದ ಒಂದು ಬೆಲ್ಲದ ಉಂಡೆ: ಕೂಡಿದರೆ ಕರಾರುವಾಕ್ಕಾಗಿ 78! ದೈವಸಂಕಲ್ಪವಲ್ಲದೆ ಇದು ಮತ್ತೇನು?

ತೂಕವೊಂದಿದ್ದರೆ ಸಾಲದು, ಅದು ಮನುಷ್ಯದೇಹದಲ್ಲಿ ಹಂಚಿಹೋಗಿರುವಂತೆಯೇ ಹಂಚಿಹೋಗಿರಬೇಕೆಂದು ನನ್ನೊಳಗಿನ ವೈದ್ಯನು ಹಟ ಹಿಡಿದನು. ಆದುದರಿಂದ ಒಂದು ಮೂಟೆ ಅಕ್ಕಿಯನ್ನು ಪೃಷ್ಠಭಾಗದಲ್ಲಿಯೂ ಇನ್ನೊಂದನ್ನು ಅದರ ಮೇಲೆ ವಕ್ಷಃಸ್ಥಲವಾಗಿಯೂ ಇರಿಸಿದೆ. ರಾಗಿಹಿಟ್ಟೂ ಗೋಧಿಹಿಟ್ಟೂ ಎರಡು ತೊಡೆಗಳಾದವು. ತೊಗರಿಬೇಳೆಯನ್ನು ಪೆಡಲುಗಳ ಬಳಿ ಕಾಲಾಗಿ ಇಳಿಸಿದೆ. ಅವಲಕ್ಕಿಯನ್ನು, ಈ ವಯಸ್ಸಿನಲ್ಲಿ ಎಲ್ಲಿರುವುದು ನ್ಯಾಯವೋ ಅಲ್ಲಿ, ಹೊಟ್ಟೆಯ ಮುಂದೆ ಇಟ್ಟೆ. ಬೆಲ್ಲದ ಉಂಡೆಯು ಶಿರಸ್ಸಾಯಿತು. ಮೂಟೆಗಳು ಜಾರದಿರಲೆಂದು ಸೀಟ್ ಬೆಲ್ಟು ಬಿಗಿದೆ. ಬೆಲ್ಲಕ್ಕೆ ಇಬ್ಬನಿ ತಾಕಬಾರದೆಂದು ನನ್ನ ಉಣ್ಣೆಯ ಟೊಪ್ಪಿಗೆಯನ್ನು ತೊಡಿಸಿದೆ. ಹಿಂದೆ ಸರಿದು ನೋಡಿದಾಗ, ನನಗಿಂತ ಗಂಭೀರನೂ ಸಮಚಿತ್ತನೂ ಆದ ವ್ಯಕ್ತಿಯೊಬ್ಬನು ನನ್ನ ಕಾರಿನಲ್ಲಿ ವಿರಾಜಮಾನನಾಗಿದ್ದನೆಂಬುದನ್ನು ಒಪ್ಪಲೇಬೇಕಾಯಿತು. ನಾಯಿಯನ್ನು ಹಿಡಿದು ಅತ್ತ ಬಂದ ಪಕ್ಕದ ಮನೆಯ ವೃದ್ಧೆಯು ಅವನಿಗೆ ಶುಭೋದಯ ಹೇಳಿ, ಉತ್ತರ ಬಾರದಿರಲು, ಕಾರಿನಡಿಯಿಂದ ಚಾಚಿದ್ದ ನನ್ನ ಕಾಲುಗಳನ್ನು ಉದ್ದೇಶಿಸಿ, "ನಿಮ್ಮ ಅಣ್ಣನವರು ಊರಿನಿಂದ ಬಂದಿದ್ದಾರೆಯೇ? ಪ್ರಯಾಣದ ಆಯಾಸವಿರಬೇಕು" ಎಂದಳು. ಅವರು ಅಣ್ಣನಲ್ಲ, ಅನ್ನ ಎಂದು ಅವಳ ಭಾಷೆಯಲ್ಲಿ ಹೇಳಿ ದಕ್ಕಿಸಿಕೊಳ್ಳುವ ಬಗೆ ತೋಚದೆ, ಹೌದೆಂದೆ.

ಇಷ್ಟಾದರೂ ಕಾರು ಇಳಿಯಲಿಲ್ಲ. ಟೇಪಿನಲ್ಲಿ ಹಳೆಯ ಎತ್ತರವೇ ಹಲ್ಲು ಕಿರಿಯುತ್ತಿತ್ತು. ಜಾಕಿಯ ಮೇಲೆ ತೂಗಾಡುವಾಗ ಒಳಕ್ಕೆ ಸರಿದಿದ್ದ ಮುಂದಿನ ಚಕ್ರಗಳು, ಕಾರು ನೆಲಕ್ಕಿಳಿಯುವಾಗ ಪಕ್ಕಕ್ಕೆ ಜಾರಬೇಕು; ಟೈರುಗಳು ಕಾಂಕ್ರೀಟನ್ನು ಕಚ್ಚಿಕೊಂಡರೆ ಜಾರುವುದಿಲ್ಲ. ಕೀಲುಗಳ ರಬ್ಬರ್ ಬುಷ್‌ಗಳೂ ತಮ್ಮ ಹಳೆಯ ನಿಲುವನ್ನು ಸುಲಭವಾಗಿ ಬಿಟ್ಟುಕೊಡುವವಲ್ಲ. ಕಾರನ್ನು ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಉರುಳಿಸಬೇಕೆಂಬುದು ಶಾಸ್ತ್ರ. ಧಾನ್ಯಪುರುಷನನ್ನು ಒಳಗೆ ಕೂರಿಸಿ ನಾನೊಬ್ಬನೇ ತಳ್ಳುವುದು ಹೇಗೆಂದು ಚಿಂತಿಸುತ್ತಿರುವಾಗ, ಯುಗಾದಿಯ ಮುನ್ನಾದಿನವಾದ ಅಂದು, ಹೋಳಿಗೆಯ ಹೂರಣಕ್ಕೆ ಬೇಳೆಯೂ ಬೆಲ್ಲವೂ ಕಾಣದೆ ಮನೆಯನ್ನೆಲ್ಲ ಶೋಧಿಸಿದ ನನ್ನ ಗೃಹಿಣಿಯು ಬಾಗಿಲಿಗೆ ಬಂದು ನಿಂತಳು.

"ಏನ್ರೀ ಇದು?"

ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಪೂರ್ತಿ ಕೇಳುವುದು ಅವಳ ಕೋಪದ ಪರಮಾವಸ್ಥೆ. ಬಳಿಕ ನೇರವಾಗಿ ಕಾರಿನ ಬಳಿ ಬಂದು, ಟೊಪ್ಪಿಗೆ ಸಹಿತವಾಗಿ ಆ ಮಹಾಪುರುಷನ ಶಿರಸ್ಸನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು, ಬೇಳೆಗಾಗಿ ಬಗ್ಗುವ ಮುನ್ನ ಆಸರೆಗೆಂದು ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಕೈಯೂರಿದಳು. ಕಾರು ಒಮ್ಮೆ ನರಳಿತು, ಟೈರುಗಳು ಕಿರ್ರೆಂದವು, ಕ್ಷಣಾರ್ಧದಲ್ಲಿ ಆ ರಥವು ದೀರ್ಘವಾದ ನಿಟ್ಟುಸಿರಿನೊಡನೆ ಕೆಳಗೆ ಕುಳಿತಿತು. ಸತ್ಯಭಾಮೆಯ ಸಮಸ್ತ ಆಭರಣಗಳಿಗೂ ಜಗ್ಗದ ತಕ್ಕಡಿಯು ರುಕ್ಮಿಣಿಯಿಟ್ಟ ಒಂದು ತುಳಸೀದಳಕ್ಕೆ ಬಾಗಿದ ಪ್ರಸಂಗವನ್ನು ಹರಿಕಥೆಗಳಲ್ಲಿ ಕೇಳಿ ತಲೆದೂಗಿದ್ದ ನಾನು, ಅದರ ಯಂತ್ರಶಾಸ್ತ್ರೀಯ ವಿವರಣೆಯನ್ನು ಅಂದು ಪ್ರತ್ಯಕ್ಷವಾಗಿ ಕಂಡೆ. ಆಕೆ ಮಾತ್ರ ಬೆರಗಾಗಲಿಲ್ಲ. "ನೀವು ಎಷ್ಟು ಹೇರಿದರೂ ಬಗ್ಗದ್ದು ನಾನು ಕೈಯಿಟ್ಟರೆ ಬಗ್ಗುತ್ತೆ. ಈ ಮನೇಲಿ ಹೊಸದೇನು?" ಎಂದು ಬೇಳೆಯ ಚೀಲವನ್ನು ನನ್ನ ಹೆಗಲಿಗೇರಿಸಿ ಒಳಗೆ ನಡೆದಳು.

ಹಬ್ಬದ ಊಟ ಮುಗಿಸಿ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯಲೆಂದು ಮತ್ತೆ ಕಾರಿನಡಿ ಮಲಗಿದಾಗ, ಹಾಸ್ಯವೆಲ್ಲ ತಾನಾಗಿ ಹಿಂದೆ ಸರಿಯಿತು. ಕಣ್ಣಿಗೆ ಗೇಣುದೂರದಲ್ಲಿ, ಕಮಾನಿನ ಮೇಲೆ, ಯಾರೋ ಕಾರ್ಮಿಕನು ಕುಂಚದಿಂದ ಹಾಕಿದ ಹಳದಿ ಬಣ್ಣದ ಗುರುತೊಂದು ಕೆಸರಿನಡಿಯಿಂದ ಇಣುಕುತ್ತಿತ್ತು. ಎಂಜಿಯು ಅಬಿಂಗ್ಡನ್ನಿಗೆ ಬಂದದ್ದು 1929ರಲ್ಲಿ. 1979ರ ಸೆಪ್ಟೆಂಬರಿನಲ್ಲಿ ಆ ಊರಿನವರು ಸುವರ್ಣೋತ್ಸವವನ್ನು ಮೆರವಣಿಗೆ ಸಮೇತ ಆಚರಿಸಿದರು. ಉತ್ಸವದ ಸಂಭ್ರಮ ಆರುವ ಮೊದಲೇ, 10ನೆಯ ತಾರೀಕು ಸೋಮವಾರ, ಕಾರ್ಖಾನೆಯನ್ನು ಮುಚ್ಚುವುದಾಗಿ ಬ್ರಿಟಿಷ್ ಲೇಲ್ಯಾಂಡ್ ಪ್ರಕಟಿಸಿತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಂದಿತು. ಅಷ್ಟರಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಈ ಒಂದೇ ಹೆಸರಿನಲ್ಲಿ ತಯಾರಾಗಿದ್ದವು. ಹಣ ತೊಡಗಿಸಲಾರದ ಯಜಮಾನರು ಕಾರನ್ನು ಎತ್ತರಿಸಿ ಎಂದಾಗ ಎತ್ತರಿಸಿದವರೂ, ಬಾರು ತೆಗೆಯಿರಿ ಎಂದಾಗ ತೆಗೆದವರೂ, ಕಡೆಗೆ ಮನೆಗೆ ನಡೆಯಿರಿ ಎಂದಾಗ ನಡೆದವರೂ ಕುಂಚ ಹಿಡಿದ ಆ ಕಾರ್ಮಿಕನಂತಹ ಅದೇ ಜನ. ಶೌಚಾಲಯದ ಪಕ್ಕದಲ್ಲಿ ನಿಲ್ಲಬೇಕಾದುದು ಯಾರ ಕಾರು ಎಂಬ ಜಿಜ್ಞಾಸೆಯಲ್ಲಿ ಮುಳುಗಿರುವ ಕ್ರೋಮ್ ಪಂಡಿತರಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅವರು ರಬ್ಬರನ್ನು ಜರೆಯುತ್ತಾರೆಂಬುದೇ ನನಗೆ ಸಿಟ್ಟು ತರಿಸುವ ಸಂಗತಿ. ಆ ಸಿಟ್ಟಿನಲ್ಲಿ ಬೋಲ್ಟನ್ನು ಅಗತ್ಯಕ್ಕಿಂತ ಅರ್ಧ ಸುತ್ತು ಹೆಚ್ಚಾಗಿಯೇ ಬಿಗಿದಿರಬೇಕು.

ಈಗ ಕಾರು ತಿರುವುಗಳಲ್ಲಿ ಮೊದಲಿಗಿಂತ ಸಭ್ಯವಾಗಿ ವರ್ತಿಸುತ್ತದೆ. ಆದರೆ ನಮ್ಮ ಬಡಾವಣೆಯ ರಸ್ತೆಯುಬ್ಬುಗಳನ್ನು ದಾಟುವಾಗ ಹೊಟ್ಟೆಯಡಿಯ ಸೈಲೆನ್ಸರ್ ನೆಲಕ್ಕೆ ಉಜ್ಜಿ ಕರ್ಕಶವಾಗಿ ಕೂಗುವುದರಿಂದ, ಉಬ್ಬು ಬಂದಲ್ಲೆಲ್ಲ ನನ್ನ ಹೆಂಡತಿಯು ಇಳಿದು, ಸೀರೆಯ ನೆರಿಗೆ ಸರಿಪಡಿಸಿಕೊಂಡು, ಆಚೆ ಬದಿಗೆ ನಡೆದುಹೋಗಿ ಕಾಯುತ್ತಾಳೆ. ತನ್ನ ಭಾರದಿಂದ ಸೈಲೆನ್ಸರಿಗೆ ಆಗುವ ಅಪಚಾರಕ್ಕಾಗಿ ಅಲ್ಲ, ಆ ಸದ್ದಿನೊಡನೆ ತನ್ನನ್ನು ಯಾರೂ ನೋಡಬಾರದೆಂದು. ಕಳೆದ ಮೇಳದಲ್ಲಿ ನಾವು ಧೈರ್ಯವಾಗಿ ಮರದ ನೆರಳಿಗೇ ಹೋಗಿ ನಿಂತೆವು. ಗುಬ್ಬಚ್ಚಿಯ ಮಹಾಶಯನು ಬಂದನು, ಮೊಣಕಾಲೂರಿ ಕುಳಿತನು, ಮುಷ್ಟಿಯನ್ನು ತೂರಿಸಲು ನೋಡಿದನು, ಅದು ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು, ಬಹಳ ಹೊತ್ತು ಕಣ್ಣು ಕಿರಿದಾಗಿಸಿ ನೋಡಿ, "ಹಿಂಭಾಗ ಮಾತ್ರ ಇನ್ನು ಕಾಲಂಗುಲ ಇಳಿಯಬೇಕಾಗಿತ್ತು" ಎಂದನು. ಅವನು ಹೇಳಿದ್ದು ಸರಿ. ಈ ಸಂಗತಿಯನ್ನು ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ಉಗ್ರಾಣಕ್ಕೆ ಹೊಸ ಅಕ್ಕಿ ಬರುವುದು ತಿಂಗಳ ಕೊನೆಗೆ.