ಗುಲೆಟ್ ಭೋಜನ ಮೀಮಾಂಸೆ

ವಿಷಯ: ತುರ್ಕಿಯ ಬೋದ್ರುಂ ಬಂದರಿನಲ್ಲಿ ಗುಲೆಟ್ ಎಂಬ ಮರದ ಹಾಯಿಹಡಗುಗಳು ಸಾಲುಗಟ್ಟಿ ನಿಂತಿರುತ್ತವೆ. ಸಾಮಾನ್ಯವಾಗಿ ಎರಡು ಕೂವೆಕಂಬ, ಅಗಲವಾದ ಹಿಂಭಾಗ, ಅಲ್ಲಿ ಮೆತ್ತೆಗಳ ನಡುವೆ ಉದ್ದನೆಯ ಮೇಜು. ಆ ಮೇಜಿಗೆ ರಾತ್ರಿಯೂಟಕ್ಕೆ ಕರೆಸಿಕೊಂಡ, ಬಾಡಿಗೆ ಕೊಡದ, ಹಗ್ಗ ಎಳೆಯದ ಜೀವಿಯೇ ಅತಿಥಿ. ಕರೆಯದೆ ಬರುವ ಕಣಜಗಳಿಗೆ ಈ ಲಕ್ಷಣ ಅನ್ವಯಿಸದ ಕಾರಣ ಅತಿವ್ಯಾಪ್ತಿದೋಷವಿಲ್ಲ.

ಸಂಶಯ: ಈ ಅತಿಥಿ ಸ್ವತಂತ್ರನೋ, ಬಂದಿಯೋ?

ಪೂರ್ವಪಕ್ಷ: ಸ್ವತಂತ್ರನೇ. ಸುಟ್ಟ ಬದನೆ, ಬೆಳ್ಳುಳ್ಳಿ ಬೆರೆಸಿದ ಮೊಸರು, ಆಲಿವ್ ಎಣ್ಣೆಯಲ್ಲಿ ಮಿಂದ ತರಕಾರಿ ಎಂದು ಮೆಝೆ ತಟ್ಟೆಗಳು ಒಂದರ ಹಿಂದೊಂದು ಬರುತ್ತವೆ. ನೀರು ಬಿದ್ದೊಡನೆ ಬೆಳ್ಳಗಾಗುವ ರಾಕಿ ಎಂಬ ಮದ್ಯ ಬರುತ್ತದೆ. ಕೆಂಡದ ಮೇಲೆ ಬೆಂದ ಮೀನು ಬರುತ್ತದೆ. ಬಂದಿಗೆ ಇಷ್ಟು ಬಡಿಸುವ ಸೆರೆಮನೆ ಎಲ್ಲಿದೆ? ಮೇಲಾಗಿ ಈ ಹಡಗಿನೂಟ ಸನಾತನ. ಕಾಶ್ ಪಟ್ಟಣದ ಬಳಿ ಉಲುಬುರುನ್‌ನಲ್ಲಿ ಕ್ರಿ.ಪೂ. 14ನೇ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗನ್ನು 1984ರಿಂದ 1994ರವರೆಗೆ ಶೋಧಿಸಿದಾಗ ಬಾದಾಮಿ, ಅಂಜೂರ, ದಾಳಿಂಬೆ, ಆಲಿವ್‌ಗಳ ಅವಶೇಷ ಸಿಕ್ಕವು. ಬೋದ್ರುಂ ಕೋಟೆಯ ವಸ್ತುಸಂಗ್ರಹಾಲಯವೇ ಸಾಕ್ಷಿ.

ಖಂಡನೆ: ಅದೇ ಹಡಗಿನಲ್ಲಿ ಸುಮಾರು ಹತ್ತು ಟನ್ ತಾಮ್ರವೂ ಇತ್ತು. ಸಿಕ್ಕಿದ್ದೆಲ್ಲ ಊಟದ್ದೇ ಆದರೆ, ತಾಮ್ರವನ್ನು ಯಾವ ಪಂಕ್ತಿಗೆ ಬಡಿಸಿದರು ಎಂಬುದನ್ನು ಪೂರ್ವಪಕ್ಷಿಯು ಹೇಳಬೇಕಾಗುತ್ತದೆ.

ಸಿದ್ಧಾಂತ: ಅತಿಥಿ ಬಂದಿಯೇ. ಹೇತುಗಳು ಮೂರು.

ಮೊದಲನೆಯದು ಪಾದರಕ್ಷಾಪಹರಣ. ಹಲಗೆಸೇತುವೆ ದಾಟುವಾಗಲೇ ಚಪ್ಪಲಿ, ಬೂಟುಗಳು ಬುಟ್ಟಿ ಸೇರುತ್ತವೆ. ಚೂಪು ಹಿಮ್ಮಡಿ ತೇಗದ ಹಲಗೆಯಲ್ಲಿ ಗುಳಿ ಬೀಳಿಸುತ್ತದೆ, ಕಪ್ಪು ಅಟ್ಟೆ ಕಲೆ ಮಾಡುತ್ತದೆ ಎಂಬ ಕಾರಣ ನಿಜವೇ. ಆದರೆ ಬರಿಗಾಲಿನವನು ಹೆಚ್ಚು ದೂರ ಓಡಲಾರ ಎಂಬ ಫಲವೂ ಅಷ್ಟೇ ನಿಜ.

ಎರಡನೆಯದು ಕಾಲಪಾರತಂತ್ರ್ಯ. ಬೇಸಿಗೆಯಲ್ಲಿ ಮೆಲ್ತೆಮ್ ಎಂಬ ಬಡಗಣ ಗಾಳಿ ಮಧ್ಯಾಹ್ನ ಬಿರುಸಾಗಿ ಬೀಸಿ, ಸಾಮಾನ್ಯವಾಗಿ ಸಂಜೆಗೆ ಇಳಿಯುತ್ತದೆ. ಹಸಿವು ಯಾರದೇ ಇರಲಿ, ಎಲೆ ಹಾಕಿಸುವುದು ಗಾಳಿ.

ಮೂರನೆಯದು ನಿರ್ಗಮನಾಭಾವ. ಹಡಗು ಕೊಲ್ಲಿಯ ನಡುವೆ ಲಂಗರು ಹಾಕಿದೆ. ದಡಕ್ಕೆ ಒಯ್ಯುವ ಪುಟ್ಟ ದೋಣಿ ಕಪ್ತಾನನ ಅಧೀನ. ಆತಿಥೇಯ ತನ್ನ ಮದುವೆಯ ವಿಡಿಯೊ ತೋರಿಸಲು ಹೊರಟರೆ, "ನಾಳೆ ಬೇಗ ಏಳಬೇಕು" ಎಂಬ ನೆಲದ ಮಂತ್ರ ಇಲ್ಲಿ ಫಲಿಸುವುದಿಲ್ಲ. "ಹಾಯಿ ಯಾವಾಗ ಬಿಚ್ಚುತ್ತೀರಿ?" ಎಂದೂ ಅತಿಥಿ ಕೇಳಬಾರದು. ಹೆಚ್ಚಿನ ಗುಲೆಟ್‌ಗಳು ಓಡುವುದು ಎಂಜಿನ್‌ನಿಂದ. ಮರದ ಹಡಗುಗಳು ಹಾಯಿ ಬಿಚ್ಚಿ ಸ್ಪರ್ಧಿಸಲೆಂದೇ 1989ರಿಂದ ಬೋದ್ರುಂ ಕಪ್ ನಡೆಯುತ್ತಿದೆ.

ಶಬ್ದಪ್ರಮಾಣ: ಈ ಸಂಪ್ರದಾಯದ ಮೂಲಪುರುಷನೇ ಶಿಕ್ಷೆಗೊಳಗಾದವನು. ವಿಚಾರಣೆಯಿಲ್ಲದೆ ಕೊಲ್ಲಲ್ಪಟ್ಟ ಸೇನಾ ಪಲಾಯಿತರ ಬಗ್ಗೆ ಬರೆದ ತಪ್ಪಿಗೆ ಲೇಖಕ ಜೆವಾತ್ ಶಾಕಿರ್‌ನನ್ನು 1925ರಲ್ಲಿ ಬೋದ್ರುಂಗೆ ಗಡೀಪಾರು ಮಾಡಲಾಯಿತು. ಅವನಿಗೆ ಊರು ಎಷ್ಟು ಹಿಡಿಸಿತೆಂದರೆ, ಶಿಕ್ಷೆ ಮುಗಿದ ಮೇಲೂ ಮರಳಿ ಬಂದು ನೆಲೆಸಿದ. ಊರಿನ ಪ್ರಾಚೀನ ಹೆಸರು ಸೇರಿಸಿ 'ಹ್ಯಾಲಿಕಾರ್ನಾಸಸ್‌ನ ಬೆಸ್ತ' ಎಂದು ಕಾವ್ಯನಾಮ ಇಟ್ಟುಕೊಂಡ. ಗೆಳೆಯರೊಡನೆ ಸ್ಪಂಜು ಹೆಕ್ಕುವವರ ದೋಣಿಗಳಲ್ಲಿ ಅವನು ಹೊರಟ ಬಡಪಾಯಿ ಯಾನಗಳೇ 'ನೀಲಿ ಯಾನ' ಎನಿಸಿಕೊಂಡವು. 1962ರಲ್ಲಿ ಲೇಖಕಿ ಅಜ್ರಾ ಎರ್ಹಾತ್ ಅದೇ ಹೆಸರಿನ ಪುಸ್ತಕ ಬರೆದರು. ಮೆತ್ತೆ, ಹವಾನಿಯಂತ್ರಣ, ಬಾಣಸಿಗ ಎಲ್ಲವೂ ನಂತರದ ಭಾಷ್ಯಕಾರರ ಸೇರ್ಪಡೆ.

ಆಕ್ಷೇಪ: ಅದೇ ಊರಲ್ಲಿ ಹುಟ್ಟಿದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇನ್ನೊಬ್ಬ ಬೆಸ್ತನ ಕತೆ ಹೇಳುತ್ತಾನೆ. ಸಾಮೋಸ್ ದ್ವೀಪದ ದೊರೆ ಪಾಲಿಕ್ರಟೀಸ್ ತನ್ನ ಅತಿಯಾದ ಅದೃಷ್ಟಕ್ಕೆ ಹೆದರಿ, ಹಡಗೇರಿ ಹೋಗಿ ಉಂಗುರವನ್ನು ಕಡಲಿಗೆಸೆದ. ಕೆಲ ದಿನಗಳಲ್ಲಿ ಬೆಸ್ತನೊಬ್ಬ ದೊಡ್ಡ ಮೀನು ತಂದೊಪ್ಪಿಸಿದ. ದೊರೆ ಅವನನ್ನೇ ಊಟಕ್ಕೆ ಕರೆದ. ಮೀನಿನ ಹೊಟ್ಟೆಯಲ್ಲಿ ಉಂಗುರ! ಸುದ್ದಿ ತಿಳಿದ ಅವನ ಗೆಳೆಯ, ಈಜಿಪ್ಟಿನ ದೊರೆ ಅಮಾಸಿಸ್, ಇಂಥ ಅದೃಷ್ಟವಂತನ ಕೊನೆ ಕೆಟ್ಟದ್ದೇ ಎಂದು ಗೆಳೆತನವನ್ನೇ ಕಡಿದುಕೊಂಡ. ಅತಿಥಿಯ ಉಡುಗೊರೆಯಿಂದ ಬಂಧನಕ್ಕೊಳಗಾದವನು ಆತಿಥೇಯ ಅಲ್ಲವೇ?

ಸಮಾಧಾನ: ಆ ಊಟಕ್ಕೆ ಕರೆ ಬಂದದ್ದು ನೆಲದ ಮೇಲೆ. ಕರೆಯನ್ನು ಕೇಳಿ ಬೆಸ್ತ ಹಿಗ್ಗಿ ಮನೆಗೆ ಹೋದನೆಂದು ಹೆರೊಡೋಟಸ್ ಬರೆಯುತ್ತಾನೆ. ಊಟಕ್ಕೆ ತಿರುಗಿ ಬಂದನೇ ಎಂಬುದರ ಬಗ್ಗೆ ಚಕಾರವೆತ್ತುವುದಿಲ್ಲ.