ಪ್ಯಾಸ್ಟನ್ನರ ಪತ್ರದ ಪೆಟ್ಟಿಗೆ

ಮೇಷ್ಟ್ರೇ, ಆ ಹಳೇ ಕ್ರಯಪತ್ರದ ಗಂಟನ್ನು ರದ್ದಿಯವನಿಗೆ ಹಾಕುವ ಮುಂಚೆ ಒಂದು ಗಳಿಗೆ ನಿಲ್ಲಿ. ಇ-ಖಾತೆ ಕೈಗೆ ಬಂತು, ಎಲ್ಲಾ ಕಂಪ್ಯೂಟರಿನಲ್ಲೇ ಇದೆ, ಅಜ್ಜನ ಕಾಲದ ಕಾಗದ ಇನ್ನು ಯಾತಕ್ಕೆ ಅಂತೀರಿ. ಇಂಗ್ಲೆಂಡಿನ ಒಂದು ಜಮೀನುದಾರ ಮನೆತನದ ಸಂಗತಿ ಹೇಳುತ್ತೇನೆ, ಕೇಳಿ. ಆಮೇಲೆ ನಿಮ್ಮ ಇಷ್ಟ.

ಪ್ಯಾಸ್ಟನ್ ಅಂತ ಮನೆತನದ ಹೆಸರು. ಊರು ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಸೀಮೆ. ಮೂಲಪುರುಷ ಕ್ಲೆಮೆಂಟ್ ತಾನೇ ನೇಗಿಲು ಹಿಡಿದು ಉತ್ತವನು, ಧಾನ್ಯದ ಮೂಟೆಯನ್ನು ಕುದುರೆ ಮೇಲೆ ಹಾಕಿ, ತಾನೂ ಅದರ ಮೇಲೇ ಕೂತು ಗಿರಣಿಗೆ ಹೋಗುತ್ತಿದ್ದವನು ಅಂತ ಆಗದವರು ಬರೆದಿಟ್ಟಿದ್ದಾರೆ. ಅವಮಾನ ಮಾಡಲಿಕ್ಕೆಂದು ಬರೆದದ್ದು. ನನಗಂತೂ ಓದಿದಾಗ ಗೌರವವೇ ಹೆಚ್ಚಾಯಿತು. ಸಾಲ ಮಾಡಿ ಮಗ ವಿಲಿಯಮ್ಮನನ್ನು ಓದಿಸಿದ. ಮಗ ಕಾನೂನು ಕಲಿತು ನ್ಯಾಯಾಧೀಶನಾದ, ಕೈಲಿ ದುಡ್ಡು ಆಡಿದಂತೆಲ್ಲ ಜಮೀನು ಕೊಂಡ. ಗ್ರೆಶಮ್ ಅನ್ನುವ ಜಹಗೀರನ್ನು ಕೊಂಡದ್ದು ಕವಿ ಜೆಫ್ರಿ ಚಾಸರನ ಮಗ ಥಾಮಸ್ ಚಾಸರನಿಂದ. 1444ರಲ್ಲಿ ವಿಲಿಯಮ್ ತೀರಿಕೊಂಡ, ತಂಟೆ ಶುರುವಾಯಿತು.

ಆ ಕಾಲದಲ್ಲಿ ಜಮೀನು ಕೈ ಬದಲಾಗುತ್ತಿದ್ದದ್ದು ಕಾಗದದಿಂದಲ್ಲ, ಮೇಷ್ಟ್ರೇ. ಮಾರುವವನು, ಕೊಳ್ಳುವವನು, ಸಾಕ್ಷಿಗಳು ಎಲ್ಲರೂ ಹೊಲಕ್ಕೇ ಹೋಗಬೇಕು. ಅಲ್ಲಿ ಒಂದು ಹೆಂಟೆ ಮಣ್ಣೋ ಒಂದು ಕಡ್ಡಿಯೋ ಕೈಯಿಂದ ಕೈಗೆ ದಾಟಬೇಕು. ಹಾಗೆ ದಾಟಿತು ಅನ್ನುವುದಕ್ಕೆ ನೆನಪು ಪತ್ರ. ಸಾಕ್ಷಿಗಳು ಸಾಯುತ್ತಾರೆ, ಪತ್ರ ಉಳಿಯುತ್ತದೆ, ಆದ್ದರಿಂದ ಬರಬರುತ್ತಾ ಪತ್ರದ ತೂಕವೇ ಹೆಚ್ಚಾಯಿತು.

ಆ ಪತ್ರ ಮಾಡುತ್ತಿದ್ದ ರೀತಿ ನೋಡಬೇಕು. ಬರೆಯುವುದು ಹೆಚ್ಚಾಗಿ ಕುರಿಯ ಚರ್ಮ ಹದಮಾಡಿದ ಹಾಳೆಯ ಮೇಲೆ. ಕುರಿಚರ್ಮವೇ ಯಾಕೆಂದರೆ ಅದರಲ್ಲಿ ಒಂದು ಅಕ್ಷರ ಕೆರೆದರೂ ಕಲೆ ಎದ್ದು ಕಾಣುತ್ತದೆ, ತಿದ್ದಿ ಮೋಸ ಮಾಡುವ ಹಾಗಿಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜನ ಖಜಾನೆಯ ಅಧಿಕಾರಿ ಇದನ್ನು ಬರೆದಿದ್ದಾನೆ. ಒಂದೇ ಹಾಳೆಯಲ್ಲಿ ಅದೇ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಬಿಟ್ಟ ಜಾಗದಲ್ಲಿ ದಪ್ಪ ಅಕ್ಷರ ಬರೆದು, ಆ ಅಕ್ಷರಗಳನ್ನು ಸೀಳಿಕೊಂಡು ಹೋಗುವಂತೆ ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಅರ್ಧ ಇವನಿಗೆ, ಅರ್ಧ ಅವನಿಗೆ. ನಾಳೆ ಜಗಳ ಬಂದರೆ ಎರಡೂ ತುಂಡು ತಂದು ಜೋಡಿಸಬೇಕು. ಹಲ್ಲಿಗೆ ಹಲ್ಲು ಕೂತರೆ ಪತ್ರ ನಿಜ, ಕೂರದಿದ್ದರೆ ಸುಳ್ಳು. ರಾಜನ ನ್ಯಾಯಾಲಯದಲ್ಲಿ ಆಗುವ ರಾಜಿಗಾದರೆ 1195ರಿಂದ ಮೂರು ಪ್ರತಿ. ಹಾಳೆಯ ಬುಡದ ತುಂಡು ಸರ್ಕಾರದ ಕೈಯಲ್ಲಿ. ಈ ಪದ್ಧತಿ 1833ರವರೆಗೆ ನಡೆಯಿತು. ಆ ಬುಡದ ತುಂಡುಗಳು ಈಗಲೂ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಇಷ್ಟೆಲ್ಲ ಭದ್ರ ಮಾಡಿದರೂ ತೋಳ್ಬಲದವನು ಬಂದರೆ ಏನು ಮಾಡುವುದು? 1448ರ ಫೆಬ್ರವರಿಯಲ್ಲಿ ಲಾರ್ಡ್ ಮೊಲೀನ್ಸ್ ಅನ್ನುವವನು ಗ್ರೆಶಮ್ ತನ್ನದು ಅಂತ ಬಂದು ಕೂತುಬಿಟ್ಟ. ವಿಲಿಯಮ್ಮನ ಮಗ ಜಾನ್ ವ್ಯಾಜ್ಯಕ್ಕೆಂದು ಲಂಡನ್ನಿನಲ್ಲಿ ಅಲೆಯುತ್ತಿದ್ದರೆ ಇತ್ತ ಹೆಂಡತಿ ಮಾರ್ಗರೆಟ್ ಊರಲ್ಲಿ ಎದುರು ನಿಂತಳು. ಅವಳು ಗಂಡನಿಗೆ ಕಳಿಸಿದ ಒಂದು ಓಲೆ ಇದೆ. ಅಡ್ಡಬಿಲ್ಲು ಕಳಿಸಿ, ಬಾಣ ಕಳಿಸಿ, ನಮ್ಮ ಮನೆ ತಗ್ಗು, ಉದ್ದಬಿಲ್ಲು ಎಳೆಯಲಿಕ್ಕೆ ಆಗುವುದಿಲ್ಲ ಅನ್ನುತ್ತಾಳೆ. ಅದೇ ಉಸಿರಿನಲ್ಲಿ ಒಂದು ಪೌಂಡು ಬಾದಾಮಿ, ಒಂದು ಪೌಂಡು ಸಕ್ಕರೆ, ಮಕ್ಕಳಿಗೆ ಅಂಗಿ ಹೊಲಿಸಲು ಬಟ್ಟೆ ತನ್ನಿ ಅಂತಲೂ ಹೇಳುತ್ತಾಳೆ. ಮನೆ ಉಳಿಸಿಕೊಳ್ಳಲು ಹೋರಾಡುವ ಹೆಂಗಸಿಗೆ ಅಡಿಗೆಮನೆಯೂ ನಡೆಯಬೇಕಲ್ಲ. 1450ರ ಜನವರಿಯಲ್ಲಿ ಮೊಲೀನ್ಸನ ಜನ ಬಂದು ಗೋಡೆಗೆ ಕನ್ನ ಕೊರೆದು ಅವಳನ್ನು ಹೊರಗೆ ಹಾಕಿದರು. ಸಾವಿರ ಜನ ಬಂದಿದ್ದರು, ನನ್ನ ಹೆಂಡತಿಯ ಜೊತೆ ಇದ್ದದ್ದು ಹನ್ನೆರಡೇ ಮಂದಿ ಅಂತ ಜಾನ್ ದೂರು ಕೊಟ್ಟ. ಕೊನೆಗೆ ಗ್ರೆಶಮ್ ಅವರಿಗೇ ಸಿಕ್ಕಿತು.

ಅದು ಮುಗಿಯಿತು ಅನ್ನುವಷ್ಟರಲ್ಲಿ ಕೇಸ್ಟರ್ ಕೋಟೆಯ ತಕರಾರು. 1459ರಲ್ಲಿ ಸರ್ ಜಾನ್ ಫಾಸ್ಟಾಫ್ ಮಕ್ಕಳಿಲ್ಲದೆ ಸತ್ತ, ಆಸ್ತಿ ಪ್ಯಾಸ್ಟನ್ನರಿಗೆ ಬರೆದ ಅಂತ ಇವರು, ಇಲ್ಲ ಅಂತ ಉಳಿದವರು. ವ್ಯಾಜ್ಯದ ನಡುವೆ ಜಾನ್ ಲಂಡನ್ನಿನ ಫ್ಲೀಟ್ ಸೆರೆಮನೆಗೂ ಹೋಗಿ ಬಂದ. ನೀವು ಜಹಗೀರುದಾರರೇ ಅಲ್ಲ, ಜೀತದಾಳಿನ ಸಂತಾನ ಅಂತ ಎದುರಾಳಿಗಳು ಎತ್ತಿ ಆಡಿದ್ದೂ ಆಯಿತು. ಆಗ ಅವರು ಹಳೇ ಪತ್ರಗಳನ್ನೆಲ್ಲ ರಾಜನ ಮುಂದೆ ಹರಡಿದರು. 1466ರಲ್ಲಿ ನಾಲ್ಕನೇ ಎಡ್ವರ್ಡ್ ಇವರು ಕುಲೀನರೇ ಅಂತ ಅಪ್ಪಣೆ ಕೊಟ್ಟ. ಆಗ ತೋರಿಸಿದ ವಂಶಾವಳಿಯನ್ನು ಇವತ್ತಿನ ಚರಿತ್ರಕಾರರು ನಂಬುವುದಿಲ್ಲ. ಆದರೂ ಒಂದು ಮನೆಯ ಮಾನ ಪೆಟ್ಟಿಗೆಯೊಳಗಿನ ಚರ್ಮದ ಹಾಳೆಯ ಮೇಲೆ ನಿಂತಿತ್ತು ಅನ್ನುವುದು ಸುಳ್ಳಲ್ಲ.

ಆ ವರ್ಷದ ಮೇ ತಿಂಗಳಲ್ಲೇ ಜಾನ್ ತೀರಿಕೊಂಡಿದ್ದ. ಐದು ತಿಂಗಳ ಮೇಲೆ ಮಾರ್ಗರೆಟ್ ಹಿರಿಮಗನಿಗೆ ಬರೆದ ಓಲೆಯೇ ನಾನು ಇಷ್ಟೆಲ್ಲ ಮಾತಾಡಲು ಕಾರಣ. ನಿಮ್ಮ ತಂದೆ ಕಷ್ಟದ ದಿನಗಳಲ್ಲಿ ಮನೆಯ ಬೇರೆ ಯಾವ ಒಡವೆ ವಸ್ತುವಿಗಿಂತಲೂ ಪತ್ರಗಳನ್ನೇ ಹೆಚ್ಚಾಗಿ ಕಾಯುತ್ತಿದ್ದರು, ಅವು ನಿನ್ನ ಕೈ ಬಿಟ್ಟು ಹೋದರೆ ಅಂಥವು ಮತ್ತೆ ಸಿಗುವುದಿಲ್ಲ ಅನ್ನುವುದು ಅವಳ ಮಾತಿನ ತಾತ್ಪರ್ಯ. ಆ ಮಗನ ಕಾಲದಲ್ಲೇ, 1469ರಲ್ಲಿ, ನಾರ್ಫೋಕಿನ ಡ್ಯೂಕ್ ಮುತ್ತಿಗೆ ಹಾಕಿ ಕೇಸ್ಟರನ್ನು ಕಿತ್ತುಕೊಂಡ. 1476ರಲ್ಲಿ ಡ್ಯೂಕ್ ಸತ್ತ ಮೇಲೆ ಕೋಟೆ ಮತ್ತೆ ಇವರ ಪಾಲಿಗೆ ಬಂತು. ಅಷ್ಟು ವರ್ಷ ಹಕ್ಕು ಜೀವಂತವಾಗಿದ್ದದ್ದು ಆ ಪೆಟ್ಟಿಗೆಯೊಳಗೆ.

ಕಾನೂನಿಗೆ ಬೇಕಾಗಿರುವಷ್ಟು ದಿನ ಪತ್ರಕ್ಕೆ ಭಯವಿಲ್ಲ, ಮೇಷ್ಟ್ರೇ. ಇನ್ನು ಬೇಡ ಅಂದ ದಿನವೇ ಗಂಡಾಂತರ. ಇಂಗ್ಲೆಂಡಿನಲ್ಲಿ 1925ರ ಆಸ್ತಿ ಕಾಯ್ದೆ ಬಂದು, ಮೂವತ್ತು ವರ್ಷದ ಹಿಂದಿನ ಒಂದು ಒಳ್ಳೇ ಪತ್ರ ತೋರಿಸಿದರೆ ಸಾಕು ಅಂತಾಯಿತು. ನಮ್ಮಲ್ಲಿ ಬ್ಯಾಂಕಿನ ವಕೀಲರು ಸಾಲಕ್ಕೆ ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ), ಮೂಲಪತ್ರ ಕೇಳುತ್ತಾರಲ್ಲ, ಹೆಚ್ಚುಕಡಿಮೆ ಆ ಲೆಕ್ಕ. ಹೀಗೆ ಇಂಗ್ಲೆಂಡಿನ ವಕೀಲರ ಅಟ್ಟಗಳಲ್ಲಿದ್ದ ಶತಮಾನಗಳ ಪತ್ರಗಳು ಒಮ್ಮೆಲೇ ಬೇಡದ ವಸ್ತುವಾದವು. ರಾಶಿ ರಾಶಿ ಸುಟ್ಟರು. ಒಳ್ಳೇ ಚರ್ಮ ನೋಡಿ ದೀಪದ ಛತ್ರಿ ಮಾಡಿಕೊಂಡವರಿದ್ದಾರೆ, ಡೋಲಿಗೆ ಹೊದಿಸಿದವರಿದ್ದಾರೆ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾವ ಹೊಲಕ್ಕೆ ಯಾವ ಹೆಸರಿತ್ತು, ಯಾವ ಹಾದಿಯಲ್ಲಿ ದನ ಹೋಗುತ್ತಿತ್ತು, ವಿಧವೆಗೆ ಎಷ್ಟು ಪಾಲು ಬಂತು, ಎಲ್ಲಾ ಅದರಲ್ಲಿತ್ತು. ಬೆಡ್‌ಫರ್ಡ್ ಕೌಂಟಿಯವರು 1913ರಲ್ಲೇ ಜಿಲ್ಲಾ ದಾಖಲೆಮನೆ ತೆರೆದಿದ್ದರು. 1932ರಲ್ಲಿ ಬ್ರಿಟಿಷ್ ರೆಕಾರ್ಡ್ಸ್ ಅಸೋಸಿಯೇಷನ್ ಹುಟ್ಟಿ ವಕೀಲರ ಬಾಗಿಲು ಬಾಗಿಲು ತಟ್ಟಿದ ಮೇಲೆ ಎಷ್ಟೋ ಉಳಿದವು.

ಪ್ಯಾಸ್ಟನ್ನರದು ಅದಕ್ಕಿಂತ ಮೊದಲೇ ಸ್ವಲ್ಪದರಲ್ಲಿ ತಪ್ಪಿತು. 1732ರಲ್ಲಿ ಮನೆತನದ ಕೊನೆಯ ಒಡೆಯ ಸಾಲ ಹೊತ್ತು ಸತ್ತ, ಗಂಡುಸಂತಾನ ಉಳಿದಿರಲಿಲ್ಲ. 1735ರಲ್ಲಿ ಫ್ರಾನ್ಸಿಸ್ ಬ್ಲೋಮ್‌ಫೀಲ್ಡ್ ಅನ್ನುವ ಪಾದ್ರಿ ಅವರ ಆಕ್ಸ್‌ನೆಡ್ ಬಂಗಲೆಯ ಪತ್ರದ ಕೋಣೆಗೆ ಹೋದ. ಹಕ್ಕುಪತ್ರಗಳ ನಡುವೆ ಬಿಡಿ ಓಲೆಗಳು ಮೂಟೆಗಟ್ಟಲೆ. ಚರಿತ್ರೆಗೆ ಬೇಕಾದವನ್ನು ಸುಡುವುದು ಅನ್ಯಾಯ ಅಂತ ಅವನೇ ಬರೆದು ತಿಳಿಸಿದ. ಬರೀ ಮನೆವಾರ್ತೆಯ ಓಲೆಗಳಿಗೆ ಮಾತ್ರ ಆ ಮಾತು ಅನ್ವಯಿಸುವುದಿಲ್ಲ ಅಂತಲೂ ಸೇರಿಸಿದ. ಪುಣ್ಯಕ್ಕೆ ಎಷ್ಟೋ ಓಲೆಗಳು ಬೆಂಕಿಗೆ ಬೀಳಲಿಲ್ಲ. 1787ರಲ್ಲಿ ಜಾನ್ ಫೆನ್ ಅಚ್ಚು ಹಾಕಿಸಿದ ಮೇಲೆ ಇಂಗ್ಲೆಂಡಿಗೇ ಗೊತ್ತಾಯಿತು. ಇವತ್ತು ಜನ ಆ ಮನೆತನವನ್ನು ನೆನೆಯುವುದು ಪಾದ್ರಿ ಬೇಡವೆಂದ ಅದೇ ಮನೆವಾರ್ತೆಗಾಗಿ. ಮಾರ್ಗರೆಟ್ಟಳ ನೂರಕ್ಕೂ ಹೆಚ್ಚು ಓಲೆ ಉಳಿದಿವೆ. ಬ್ರಿಟಿಷ್ ಲೈಬ್ರರಿಯಲ್ಲಿ 1477ರ ಫೆಬ್ರವರಿಯ ಇನ್ನೊಂದು ಇದೆ, ಮಾರ್ಜರಿ ಬ್ರ್ಯೂಸ್ ಅನ್ನುವ ಹುಡುಗಿ ಮಾರ್ಗರೆಟ್ಟಳ ಎರಡನೇ ಮಗ, ಅಪ್ಪನದೇ ಹೆಸರಿನ ಜಾನ್‌ಗೆ ಬರೆಸಿದ್ದು. ಇಂಗ್ಲಿಷಿನ ಅತಿ ಹಳೆಯ ವ್ಯಾಲೆಂಟೈನ್ ಓಲೆ ಅದೇ ಅನ್ನುತ್ತಾರೆ. ಅಪ್ಪ ವರದಕ್ಷಿಣೆ ಏರಿಸಲು ಒಪ್ಪುತ್ತಿಲ್ಲ, ನಿಮಗೆ ಪ್ರೀತಿಯಿದ್ದರೆ ಅದಕ್ಕಾಗಿ ನನ್ನನ್ನು ಬಿಡಬೇಡಿ, ನಿಮ್ಮ ಆಸ್ತಿ ಈಗಿನ ಅರ್ಧವೇ ಆಗಿದ್ದರೂ ನಾನು ನಿಮ್ಮನ್ನು ಬಿಡುತ್ತಿರಲಿಲ್ಲ ಅಂತ ಕೇಳಿಕೊಳ್ಳುತ್ತಾಳೆ. ಅವಳ ತಾಯಿ ಹುಡುಗಿಯ ಕಡೆ, ಹುಡುಗನ ತಾಯಿ ಮಾರ್ಗರೆಟ್ಟಳೂ ಕೈ ಜೋಡಿಸಿದಳು. ಹೇಗೋ ಮಾತು ಮುಗಿದು ಅದೇ ವರ್ಷ ಮದುವೆಯೂ ಆಯಿತು.