ಹಳೆ ನಡುಕ, ಹೊಸ ನಡುಕ

ಗಿಟಾರಿನವರ ನಡುವೆ ಕೂತಾಗ ರಾಜಕೀಯ ಮಾತಾಡಿ, ದೇವರನ್ನು ಬೈಯಿರಿ, ಬೇಕಾದರೆ ಅವರ ಗಿಟಾರನ್ನೇ ಹೀಯಾಳಿಸಿ, ನಕ್ಕು ಸುಮ್ಮನಾಗುತ್ತಾರೆ. ‘ಬಾಸ್ ಕಂಪನಿಯ ಹೊಸ ವೈಬ್ರಾಟೊ ಪೆಡಲ್ಲೂ ಹಳೆಯದರಷ್ಟೇ ಚೆನ್ನಾಗಿದೆಯಲ್ಲ’ ಎಂದು ಮಾತ್ರ ಬಾಯಿ ಬಿಡಬೇಡಿ. ಕಾಫಿ ಆರುತ್ತದೆ, ಮಾತು ಆರುವುದಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಒಂದಿಷ್ಟು ಪೂರ್ವಕಥೆ. ಜಪಾನಿನ ಬಾಸ್ 1982ರಲ್ಲಿ ವಿಬಿ-2 ಎಂಬ ತಿಳಿನೀಲಿ ಡಬ್ಬಿಯನ್ನು ಹೊರತಂದಿತು. ಕಾಲಲ್ಲಿ ಒತ್ತಿದರೆ ಗಿಟಾರಿನ ಸ್ವರ ತನ್ನ ಜಾಗದಿಂದ ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ, ಅಷ್ಟೇ. ಆಗ ಕೋರಸ್ಸಿನ ಹುಚ್ಚು. ಕೋರಸ್ ಎಂದರೂ ಇದೇ ನಡುಕವೇ, ಜೊತೆಗೆ ನೆಟ್ಟಗಿನ ಸ್ವರವನ್ನೂ ಬೆರೆಸಿರುತ್ತಾರೆ. ಬೆರಕೆಯ ಸೊಗಸು ಸಿಕ್ಕಿದ ಮೇಲೆ ಬರಿಯ ನಡುಕ ಯಾರಿಗೆ ಬೇಕು? 1986ರ ಹೊತ್ತಿಗೆ ವಿಬಿ-2 ತಯಾರಿಕೆಯೇ ನಿಂತಿತು. ನಿಂತದ್ದೇ ತಡ, ಅದರ ಯೋಗ್ಯತೆ ಎಲ್ಲರಿಗೂ ಹೊಳೆಯತೊಡಗಿತು! ಮಾರುಕಟ್ಟೆಯಲ್ಲಿ ಇದ್ದಾಗ ಮೂಸಿ ನೋಡದವರು, ಇಲ್ಲವಾದ ಮೇಲೆ ಹೊಸ ಪೆಡಲ್ಲಿಗಿಂತ ಹೆಚ್ಚು ಕೊಟ್ಟು ಕೊಳ್ಳಲು ಸಾಲುಗಟ್ಟಿದರು. ಬಾಸ್‌ನವರೇನು ದಡ್ಡರೇ? 2014ರಲ್ಲಿ ವಾಜಾ ಕ್ರಾಫ್ಟ್ ಎಂಬ ಸರಣಿ ಶುರುಮಾಡಿ ಹಳೆಯ ಪೆಡಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ಕೂರಿಸಿದರು. ಆ ಸಾಲಿನಲ್ಲಿ ಎದ್ದು ಬಂದದ್ದು ವಿಬಿ-2ಡಬ್ಲ್ಯೂ. ಹೆಸರಿಗೆ ಒಂದಕ್ಷರ ಸೇರಿತು, ಜಗಳಕ್ಕೆ ಅಷ್ಟೇ ಸಾಕಾಯಿತು.

ಒಳಗಿನ ಕರಾಮತ್ತು ಬಲು ಮಜವಾಗಿದೆ. ‘ಬಕೆಟ್ ಬ್ರಿಗೇಡ್’ ಎಂಬ ಚಿಪ್ ಅದರ ಜೀವ. ಬೆಂಕಿ ಆರಿಸಲು ಸಾಲಾಗಿ ನಿಂತವರು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಗಿಟಾರಿನ ಸಿಗ್ನಲ್ಲು 1024 ಮೆಟ್ಟಿಲು ದಾಟಿ ಚೂರು ತಡವಾಗಿ ಹೊರಬೀಳುತ್ತದೆ. ದಾಟಿಸುವ ವೇಗ ಏರುತ್ತಾ ಹೋದರೆ ತಡ ಕಡಿಮೆಯಾಗಿ ಸ್ವರ ಏರುತ್ತದೆ. ವೇಗ ತಗ್ಗುತ್ತಾ ಬಂದರೆ ಸ್ವರ ಇಳಿಯುತ್ತದೆ. ಹಳೆಯದರಲ್ಲಿದ್ದುದು ಮತ್ಸುಶಿತಾ ಕಂಪನಿಯ ಚಿಪ್ಪು. ಅದರ ತಯಾರಿಕೆ ನಿಂತು ವರ್ಷಗಳೇ ಆದವು. ಹೊಸದರಲ್ಲೂ ಬಕೆಟ್ ಸಾಲೇ ಇದೆ, ಡಿಜಿಟಲ್ ಗಾಳಿ ಸೋಂಕಿಲ್ಲ. ಆದರೆ ಹಳೆಯದರ ಭಕ್ತರು ಒಪ್ಪಬೇಕಲ್ಲ! ‘ಬಕೆಟ್ ಅದೇ ಇರಬಹುದು, ನೀರು ಬೇರೆ’ ಅನ್ನುತ್ತಾರೆ.

ನಮ್ಮ ಗೆಳೆಯರೊಬ್ಬರ ಹತ್ತಿರ ಎರಡೂ ಇವೆ. ಹಳೆಯದು ವೆಲ್ವೆಟ್ ಚೀಲದಲ್ಲಿ, ಹೊಸದು ನೆಲದ ಮೇಲೆ. ಹಳೆಯದನ್ನು ತೋರಿಸುವಾಗ ಅವರ ದನಿ ತಾನಾಗಿ ತಗ್ಗುತ್ತದೆ. ‘ಕೇಳಿ, ಹಿಂದೆ ಸಣ್ಣಗೆ ಸುಯ್ ಅನ್ನುತ್ತಿದೆಯಲ್ಲ, ಅದೇ ಇದರ ಜೀವಾಳ’ ಎಂದರು. ಅದೇ ಸುಯ್ ಹೊಸ ಪೆಡಲ್ಲಿನಲ್ಲಿ ಬಂದಿದ್ದರೆ ಅಂಗಡಿಗೆ ಹೋಗಿ ದುಡ್ಡು ವಾಪಸು ಕೇಳುವ ಪೈಕಿ ಇವರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ‘ಏನ್ರೀ, ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿತಾ?’ ಅಂದರು. ವೈಬ್ರಾಟೊ ಪೆಡಲ್ಲಿನ ಬಗ್ಗೆ ಇಷ್ಟು ಚುಟುಕಾದ, ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಂದು ತಮಾಷೆ ನೋಡಿ. ಹಳೆಯ ವಿಬಿ-2ಕ್ಕೆ ಬೇಕಾದದ್ದು ಆ ಕಾಲದ ಎಸಿಎ ಅಡಾಪ್ಟರ್, 12 ವೋಲ್ಟಿನದು. ಈಗ ಎಲ್ಲರ ಮನೆಯಲ್ಲಿರುವ 9 ವೋಲ್ಟಿನದನ್ನು ಸಿಕ್ಕಿಸಿದರೆ ಕೆಂಪು ದೀಪ ಮಿಣಮಿಣ ಅನ್ನುತ್ತದೆ. ಇನ್ನು ಒಳಗಿನ ಕೆಪಾಸಿಟರುಗಳು ನಲವತ್ತು ವರ್ಷದಲ್ಲಿ ಒಣಗಿ, ಅಳತೆ ತಪ್ಪಿ, ತಮ್ಮ ಪಾಡಿಗೆ ತಾವಿರುತ್ತವೆ. ಎರಡು ಹಳೆಯ ಡಬ್ಬಿಗಳನ್ನು ಪಕ್ಕದಲ್ಲಿಟ್ಟು ನುಡಿಸಿದರೆ ಅವೇ ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಹಾಗಾದರೆ ‘ಅಸಲಿ ನಾದ’ ಅನ್ನುವುದು ಯಾವುದಪ್ಪ? 1982ರಲ್ಲಿ ಅಂಗಡಿಯಿಂದ ಆಗಷ್ಟೇ ತಂದ ವಿಬಿ-2 ಹೇಗೆ ನಡುಗುತ್ತಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೊಸ ಡಬ್ಬಿಯನ್ನೇ ತೋರಿಸುತ್ತೇನೆ. ಹಳೆಯದು ಹಳೆಯದಾಗಿರುವುದರಿಂದಲೇ ತನ್ನಂತೆ ತಾನು ಉಳಿದಿಲ್ಲ. ಇದನ್ನು ಗೆಳೆಯರಿಗೆ ಹೇಳಿದೆ. ಅವರು ವೆಲ್ವೆಟ್ ಚೀಲದ ದಾರ ಬಿಗಿದರು.

ಈ ರೋಗ ಬಾಸ್ ಒಂದಕ್ಕೇ ಅಂಟಿದ್ದಲ್ಲ. 1960ರ ದಶಕದ ಕೊನೆಗೆ ಜಪಾನಿನ ಶಿನ್-ಎಯ್ ಕಂಪನಿಗಾಗಿ ಫುಮಿಯೊ ಮಿಯೆಡಾ ಯೂನಿ-ವೈಬ್ ಮಾಡಿದರು. ಡಬ್ಬಿಯ ನಡುವೆ ಒಂದು ಪುಟ್ಟ ಬಲ್ಬು, ಸುತ್ತ ಬೆಳಕು ಹಿಡಿಯುವ ನಾಲ್ಕು ಕೋಶ. ಬಲ್ಬು ಉಸಿರಾಡಿದಂತೆ ಬೆಳಗಿ ಮಂಕಾದಂತೆಲ್ಲ ನಾದ ಮಿಡಿಯುತ್ತದೆ. 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ತುಳಿದ ಮೇಲೆ ಅದಕ್ಕೆ ದೇವರ ಪಾದುಕೆಯ ಪಟ್ಟ. ಆ ಕೋಶಗಳಲ್ಲಿ ಕ್ಯಾಡ್ಮಿಯಂ ಇರುವುದರಿಂದ ಈಗ ಬಳಸುವುದು ಕಷ್ಟ. 2014ರಲ್ಲಿ ಕಾರ್ಗ್ ಕಂಪನಿ ನ್ಯೂವೈಬ್ ತಂದಾಗ ರೂಪಿಸಿದವರು ಅದೇ ಮಿಯೆಡಾ; ಬಲ್ಬು, ಕೋಶಗಳ ಕೆಲಸವನ್ನು ಟ್ರಾನ್ಸಿಸ್ಟರುಗಳಿಗೆ ವಹಿಸಿದರು. ಹೆತ್ತವರೇ ಬಂದು ‘ಇದೂ ನನ್ನ ಮಗುವೇ’ ಎಂದು ಸಾಕ್ಷಿ ಹೇಳಿದರೂ ಭಕ್ತರ ಪ್ರಶ್ನೆ ಒಂದೇ: ‘ಬಲ್ಬು ಎಲ್ಲಿ ಸ್ವಾಮಿ?’

ನಮ್ಮ ಕಿವಿಗೆ ಈ ಜಗಳ ಇನ್ನೂ ವಿಚಿತ್ರ. ಗಮಕ ಕೇಳಿ ಬೆಳೆದವರು ನಾವು. ತೋಡಿಯ ಗಾಂಧಾರವನ್ನು ಎಷ್ಟು ಅಲುಗಿಸಬೇಕು, ಯಾವ ಸ್ವರವನ್ನು ಮುಟ್ಟದೆ ಬಿಡಬೇಕು ಎಂಬುದಕ್ಕೆ ವಿದ್ವಾಂಸರು ಆಯುಷ್ಯ ಸವೆಸುತ್ತಾರೆ. ಪೆಡಲ್ಲಿಗೆ ಆ ಭೇದವಿಲ್ಲ, ಸಿಕ್ಕ ಸ್ವರವನ್ನೆಲ್ಲ ಒಂದೇ ಅಳತೆಯಲ್ಲಿ ಗಡಗಡಿಸುತ್ತದೆ. ವಿಬಿ-2ರಲ್ಲಿ ಒಂದು ಗುಬುಟು ಮಾತ್ರ ಮರ್ಯಾದಸ್ಥ: ‘ರೈಸ್ ಟೈಮ್’. ಒತ್ತಿದ ಕೂಡಲೇ ನಡುಗಿಸದೆ, ಸ್ವರ ಮೊದಲು ನೆಟ್ಟಗೆ ನಿಂತು ಆಮೇಲೆ ನಿಧಾನ ತೂಗುವಂತೆ ಮಾಡುತ್ತದೆ. ಪಕ್ಕದಲ್ಲಿ ‘ಅನ್‌ಲ್ಯಾಚ್’ ಎಂಬ ಸೌಕರ್ಯವಿದೆ, ಕಾಲು ಒತ್ತಿಹಿಡಿದಷ್ಟು ಹೊತ್ತು ಮಾತ್ರ ನಡುಕ. ಇವೆರಡನ್ನೂ ಜೋಡಿಸಿ, ಒಂದು ಸಾಲಿನ ಕೊನೆಯ ಸ್ವರಕ್ಕೆ ಮಾತ್ರ ಕಾಲಿಡಿ. ಡಬ್ಬಿಗೂ ಸಂಸ್ಕಾರ ಇದೆ ಅನ್ನಿಸುತ್ತದೆ. ಈ ಎರಡೂ ಹಳೆಯದರಲ್ಲಿವೆ, ಹೊಸದರಲ್ಲೂ ಇವೆ. ಹೊಸದಕ್ಕೆ ಇನ್ನೊಂದು ‘ಕಸ್ಟಮ್’ ದನಿ, ಎಕ್ಸ್‌ಪ್ರೆಶನ್ ಪೆಡಲ್ ಸಿಕ್ಕಿಸುವ ತೂತು ಕೊಸರಿಗೆ. ಈ ತೂತಿನ ಬಗ್ಗೆಯೂ ಭಕ್ತರಿಗೆ ತಕರಾರಿದೆ, ಹಳೆಯದರಲ್ಲಿ ಇರಲಿಲ್ಲವಂತೆ.

ನನ್ನ ತೀರ್ಪು ಇಷ್ಟು. ನುಡಿಸಲು ಬೇಕಿದ್ದರೆ ಹೊಸದು ತೆಗೆದುಕೊಳ್ಳಿ, ಕಣ್ಣು ಮುಚ್ಚಿ ಕೇಳಿದರೆ ಹತ್ತರಲ್ಲಿ ಒಂಬತ್ತು ಕಿವಿ ಸೋಲುತ್ತವೆ. ತೋರಿಸಲು ಬೇಕಿದ್ದರೆ ಹಳೆಯದೇ ಸರಿ, ಅದರಲ್ಲೂ ಒಂದು ಸುಖವಿದೆ. ಆದರೆ ದುಡ್ಡು ಕೊಡುವ ಮೊದಲು ಮಾರುವವರನ್ನು ಒಂದು ಮಾತು ಕೇಳಿ: ಅಡಾಪ್ಟರ್ ಜೊತೆಗೆ ಬರುತ್ತದೋ ಇಲ್ಲವೋ?